ನಿವೃತ್ತರಿಗೆ ಹೆಚ್ಚುವರಿ ಆರೋಗ್ಯ ವಿಮೆ: ಕೊಡಗಿನಲ್ಲಿದ್ದು ಆರಿಸುವ ಬಗೆ

ಹೆಚ್ಚುವರಿ ವಿಮೆ ಬೇಕೆಂದಾಗ ಬಹುತೇಕರು ಕಂಪನಿಯಿಂದ ಹುಡುಕಾಟ ಶುರು ಮಾಡುತ್ತಾರೆ. ಯಾವುದು ಅಗ್ಗ, ಯಾವ ಏಜೆಂಟ್ ಪರಿಚಯದವರು ಎಂದು ನೋಡುತ್ತಾರೆ. ಕೊಡಗಿನಲ್ಲಿ ನೆಲೆಸಿದ ನಿವೃತ್ತರು ಆಸ್ಪತ್ರೆಯಿಂದ ಶುರು ಮಾಡಬೇಕು. ಹೃದಯದ ಆಪರೇಷನ್, ಕ್ಯಾನ್ಸರ್, ಮೆದುಳಿನ ರಕ್ತಸ್ರಾವ ಎಂದಾಗ ಇಲ್ಲಿನ ರೋಗಿಯನ್ನು ಹೆಚ್ಚಾಗಿ ಮೈಸೂರಿಗೋ ಮಂಗಳೂರಿಗೋ ಸಾಗಿಸುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. ಜಿಲ್ಲೆಯಲ್ಲಿ ರೈಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆ ವಾರಗಟ್ಟಲೆ ಬಂದ್ ಆಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ನೀವು ಹೋಗುವ ಆಸ್ಪತ್ರೆಯಲ್ಲಿ ನಡೆಯದ ಪಾಲಿಸಿಯ ಮೊತ್ತ 10 ಲಕ್ಷವಿದ್ದರೂ ಅಷ್ಟೆ, 25 ಲಕ್ಷವಿದ್ದರೂ ಅಷ್ಟೆ.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ಮೂರು ಆಸ್ಪತ್ರೆಗಳ ಹೆಸರು ಬರೆಯಿರಿ. ಮನೆಗೆ ಅತಿ ಹತ್ತಿರದ್ದು ಒಂದು, ಮೈಸೂರು ದಿಕ್ಕಿನದು ಒಂದು, ಮಂಗಳೂರು ದಿಕ್ಕಿನದು ಒಂದು. ಮಗನೋ ಮಗಳೋ ಬೆಂಗಳೂರಿನಲ್ಲಿದ್ದು, ದೊಡ್ಡ ಚಿಕಿತ್ಸೆಗೆ ಅಲ್ಲಿಗೇ ಕರೆದೊಯ್ಯುವುದು ಖಚಿತವಾಗಿದ್ದರೆ ನಾಲ್ಕನೆಯ ಹೆಸರು ಸೇರಿಸಿ. ಮುಂದಿನ ಎಲ್ಲ ತೀರ್ಮಾನವೂ ಈ ಹಾಳೆಯ ಮೇಲೆ ನಿಂತಿದೆ.

ಈಗಾಗಲೇ ಕೈಯಲ್ಲಿ ಏನಿದೆ?

ಇರುವ ರಕ್ಷಣೆ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಹೆಚ್ಚುವರಿ ವಿಮೆ ಶುರುವಾಗಬೇಕು. ಹೊಸದನ್ನು ಕೊಳ್ಳುವ ಮೊದಲು ಹಳೆಯದರ ತೂತು ಎಲ್ಲಿದೆ ಎಂದು ಗೊತ್ತಿರಬೇಕು.

ಮಾಜಿ ಸೈನಿಕರ ಮನೆಗಳು ಇಲ್ಲಿ ಹೆಚ್ಚು, ಹಾಗಾಗಿ ಮೊದಲು ಅವರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್. 2003ರಲ್ಲಿ ಶುರುವಾದ ಈ ಯೋಜನೆಯಲ್ಲಿ ವಯಸ್ಸಿನ ಅಡ್ಡಿಯಿಲ್ಲ, ಹಳೆಯ ಕಾಯಿಲೆಗೆ ಕಾಯುವ ಅವಧಿ (ಸೇರಿದ ಮೇಲೂ ಹಣ ಸಿಗದ ಆರಂಭದ ಕಾಲ) ಇಲ್ಲ, ಚಿಕಿತ್ಸೆಯ ವೆಚ್ಚಕ್ಕೆ ಮೇಲ್ಮಿತಿಯಿಲ್ಲ, ದಿನದ ಮಾತ್ರೆಯೂ ಸಿಗುತ್ತದೆ. ಮಾರುಕಟ್ಟೆಯ ಯಾವ ಪಾಲಿಸಿಯೂ ಇಷ್ಟು ಕೊಡುವುದಿಲ್ಲ. ತೂತು ಬೇರೆ ಕಡೆ ಇದೆ. ಮಡಿಕೇರಿಯ ಪಾಲಿಕ್ಲಿನಿಕ್‌ನಂಥ ಕೇಂದ್ರದಿಂದ ರೆಫರಲ್ ಪಡೆದು, ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬೇಕು. ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಬಿಲ್ಲು ಮೊದಲು ನಿಮ್ಮ ಕೈಯಿಂದ ಹೋಗುತ್ತದೆ, ಮರಳಿ ಬರುವುದು ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ದರದಲ್ಲಿ ಮಾತ್ರ. ನಡುವಿನ ವ್ಯತ್ಯಾಸ ನಿಮ್ಮದೇ. ಇಸಿಎಚ್‌ಎಸ್ ಇರುವ ದಂಪತಿ ದೊಡ್ಡ ಮೂಲ ಪಾಲಿಸಿಗೆ (ಮೊದಲ ರೂಪಾಯಿಯಿಂದಲೇ ಬಿಲ್ಲು ಕಟ್ಟುವಂಥದ್ದು) ಹಣ ಸುರಿಯುವುದು ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಎರಡು ಮೂರು ಲಕ್ಷ ರೂಪಾಯಿಯನ್ನು ಕೂಡಲೇ ಸಿಗುವ ಠೇವಣಿಯಲ್ಲಿಡಿ. ಪಟ್ಟಿಯ ಹೊರಗಿನ ಆಸ್ಪತ್ರೆಯ ದೊಡ್ಡ ಬಿಲ್ಲಿಗೆಂದು ಒಂದು ಸೂಪರ್ ಟಾಪ್‌ಅಪ್ (ನಿಗದಿತ ಗಡಿ ದಾಟಿದ ಬಿಲ್ಲಿಗೆ ಹಣ ಕೊಡುವ ಪಾಲಿಸಿ, ವಿವರ ಮುಂದಿದೆ) ಇರಲಿ. ಅಷ್ಟು ಸಾಕು.

ಸರ್ಕಾರಿ ಬ್ಯಾಂಕಿನಿಂದ ನಿವೃತ್ತರಾದವರಿಗೆ ಗುಂಪು ಪಾಲಿಸಿ ಇರುತ್ತದೆ, ನವೆಂಬರ್‌ನಲ್ಲಿ ನವೀಕರಣ. ಮೂಲ ಮೊತ್ತ ಕೆಲವೇ ಲಕ್ಷ, ಪ್ರೀಮಿಯಂ ಮಾತ್ರ ವರ್ಷ ವರ್ಷ ಭಾರವಾಗುತ್ತಿದೆ. ಆದರೂ ಬಿಡಬೇಡಿ. ಎಪ್ಪತ್ತರ ಮೇಲೆ ಬಿಪಿ, ಶುಗರ್ ಇಟ್ಟುಕೊಂಡು ಹೊರಗೆ ಹೊಸ ಪಾಲಿಸಿ ಸಿಗುವುದು ಕಷ್ಟ, ಸಿಕ್ಕರೂ ಹಳೆಯ ಕಾಯಿಲೆಗೆ ಮತ್ತೆ ಕಾಯಬೇಕು.

ರಾಜ್ಯ ಸರ್ಕಾರದ ನಿವೃತ್ತರು ಒಂದು ಎಚ್ಚರ ವಹಿಸಬೇಕು. ಸೇವೆಯಲ್ಲಿರುವ ನೌಕರರಿಗೆ ಹೊರಡಿಸಿದ ನಗದುರಹಿತ ಚಿಕಿತ್ಸೆಯ ಆದೇಶ ಪಿಂಚಣಿದಾರರಿಗೂ ತಾನಾಗಿ ಅನ್ವಯಿಸುವುದಿಲ್ಲ. ಆದೇಶದಲ್ಲಿ ‘ನಿವೃತ್ತ’ ಎಂಬ ಪದವಿದೆಯೇ ಎಂದು ಓದಿಯೇ ನಂಬಿ.

ಸಹಕಾರ ಸಂಘದ ಸದಸ್ಯರಾಗಿರುವ ಬೆಳೆಗಾರರಿಗೆ ಯಶಸ್ವಿನಿ ಯೋಜನೆ ಇದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ನೋಂದಣಿ ವರ್ಷದ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ದಿನಾಂಕ, ಅರ್ಹತೆ ಎರಡನ್ನೂ ಸಂಘದ ಕಾರ್ಯದರ್ಶಿಯಿಂದ ತಿಳಿದುಕೊಳ್ಳಿ. ನ್ಯುಮೋನಿಯಾ ಆಗಿ ವಾರಗಟ್ಟಲೆ ಮಲಗಿದ ಬಿಲ್ಲಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಸರ್ಕಾರ ಗೊತ್ತುಪಡಿಸಿದ ದರ) ಶೇ 30 ಮಾತ್ರ. ತುರ್ತು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷ ಕೊಡುವ ವಯ ವಂದನಾ ಕಾರ್ಡನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಜಾರಿಗೆ ತಂದಿತು. ಖಾಸಗಿ ವಿಮೆ ಇದ್ದವರೂ ಇದನ್ನು ಪಡೆಯಬಹುದು. ಇಸಿಎಚ್‌ಎಸ್, ಸಿಜಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಆರಿಸಬೇಕು, ಅವರು ಹಳೆಯದನ್ನೇ ಉಳಿಸಿಕೊಳ್ಳುವುದು ಲೇಸು. ಕಾರ್ಡಿದೆ ಎಂದು ನೆಮ್ಮದಿಯಿಂದ ಕೂರುವ ಮೊದಲು, ನಿಮ್ಮ ಹಾಳೆಯಲ್ಲಿರುವ ಆಸ್ಪತ್ರೆಯ ಆರೋಗ್ಯಮಿತ್ರರ (ಸರ್ಕಾರಿ ಯೋಜನೆಯ ಸಹಾಯಕರು) ಕೌಂಟರ್‌ನಲ್ಲಿ ಆ ಕಾರ್ಡ್ ಅಲ್ಲಿ ನಡೆಯುತ್ತದೆಯೇ, ಯಾವ ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂದು ಕೇಳಿ.

ಇನ್ನೊಂದು ಗುಂಪಿದೆ. ಬೆಂಗಳೂರಿನ ಕಂಪನಿಯಲ್ಲಿರುವ ಮಗನ ಗುಂಪು ವಿಮೆಯಲ್ಲಿ ತಂದೆತಾಯಿಯ ಹೆಸರಿರುತ್ತದೆ, ಅದೇ ಭರವಸೆ. ಅವನ ಕೆಲಸ ಹೋದ ದಿನ ಆ ರಕ್ಷಣೆಯೂ ಹೋಗುತ್ತದೆ, ಕಂಪನಿ ಬದಲಾದಾಗ ಹೊಸ ಕಡೆ ತಂದೆತಾಯಿಯನ್ನು ಸೇರಿಸಿಕೊಳ್ಳದೆಯೂ ಇರಬಹುದು. ಈ ಸ್ಥಿತಿಯಲ್ಲಿರುವವರಿಗೆ ತಮ್ಮದೇ ಹೆಸರಿನ ಮೂಲ ಪಾಲಿಸಿ ಬೇಕೇ ಬೇಕು, ಅದೂ ಆರೋಗ್ಯ ಚೆನ್ನಾಗಿರುವಾಗಲೇ. ಮಗ ಕೆಲಸ ಬಿಡುವ ಮುನ್ನ, ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಿ. ಗುಂಪಿನಲ್ಲಿ ಇದ್ದ ವರ್ಷಗಳನ್ನು ಹೊಸ ಪಾಲಿಸಿಯ ಕಾಯುವ ಅವಧಿಯಿಂದ ಕಳೆಯುತ್ತಾರೆ.

ಟಾಪ್‌ಅಪ್ ಬೇರೆ, ಸೂಪರ್ ಟಾಪ್‌ಅಪ್ ಬೇರೆ

ಎರಡರಲ್ಲೂ ‘ಡಿಡಕ್ಟಿಬಲ್’ ಎಂಬ ಗಡಿ ಇರುತ್ತದೆ, ಅದರ ಮೇಲಿನದನ್ನು ಮಾತ್ರ ಕಂಪನಿ ಕೊಡುತ್ತದೆ. ಗಡಿ 5 ಲಕ್ಷ ಎಂದಿಟ್ಟುಕೊಳ್ಳಿ. ಒಂದೇ ವರ್ಷದಲ್ಲಿ ಮೊದಲು ಸ್ಟೆಂಟ್‌ಗೆ 3.5 ಲಕ್ಷ, ಆಮೇಲೆ ಸೊಂಟದ ಮೂಳೆ ಮುರಿದು 4 ಲಕ್ಷ ಆಯಿತು. ಟಾಪ್‌ಅಪ್ ಪ್ರತಿ ದಾಖಲಾತಿಯನ್ನೂ ಬೇರೆಬೇರೆಯಾಗಿ ನೋಡುತ್ತದೆ. ಎರಡೂ 5 ಲಕ್ಷದೊಳಗೇ ಇರುವುದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಸೂಪರ್ ಟಾಪ್‌ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸುತ್ತದೆ. ಒಟ್ಟು 7.5 ಲಕ್ಷ, ಗಡಿ ಕಳೆದರೆ 2.5 ಲಕ್ಷ ಬರುತ್ತದೆ. ವಯಸ್ಸಾದವರು ವರ್ಷದಲ್ಲಿ ಎರಡು ಮೂರು ಸಲ ಸೇರುವುದೇ ಹೆಚ್ಚು, ಹಾಗಾಗಿ ಬರಿಯ ಟಾಪ್‌ಅಪ್ ಬೇಡ. ಏಜೆಂಟ್ ‘ಟಾಪ್‌ಅಪ್’ ಎಂದಷ್ಟೇ ಹೇಳಿದರೆ, ಪಾಲಿಸಿಯಲ್ಲಿ ಡಿಡಕ್ಟಿಬಲ್ ವರ್ಷದ ಒಟ್ಟು ಮೊತ್ತಕ್ಕೋ ಪ್ರತಿ ಕ್ಲೇಮಿಗೋ ಎಂಬ ಸಾಲನ್ನು ತೋರಿಸಲು ಹೇಳಿ.

ಗಡಿಯನ್ನು ಮೂಲ ರಕ್ಷಣೆಯ ಮೊತ್ತಕ್ಕೆ ಸರಿಹೊಂದಿಸಿ. ಮೂಲ 4 ಲಕ್ಷವಿದ್ದು ಗಡಿ 5 ಲಕ್ಷವಾದರೆ ನಡುವಿನ 1 ಲಕ್ಷ ಕೈಯಿಂದ. ಗಡಿಯನ್ನು ದಾಟುವ ಲೆಕ್ಕ ನಡೆಯುವುದು ಸೂಪರ್ ಟಾಪ್‌ಅಪ್‌ನ ನಿಯಮದ ಪ್ರಕಾರ, ಮೂಲ ಪಾಲಿಸಿಯ ನಿಯಮದ ಪ್ರಕಾರವಲ್ಲ. ಮೂಲದಲ್ಲಿ ಕಾಯುವ ಅವಧಿ ಮುಗಿದಿದ್ದರೂ ಸೂಪರ್ ಟಾಪ್‌ಅಪ್‌ನಲ್ಲಿ ಮುಗಿಯದೆ ಇರಬಹುದು. ಗಡಿಯವರೆಗಿನ ಹಣವನ್ನು ಸರ್ಕಾರಿ ಯೋಜನೆ ಕಟ್ಟಿದರೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಅಂಥ ಕಡೆ ಆಸ್ಪತ್ರೆ ನಿಮಗೆ ಬಿಲ್ಲನ್ನೇ ಕೊಡದಿರುವುದುಂಟು, ಡಿಸ್ಚಾರ್ಜ್ ದಿನವೇ ಪ್ರತಿ ಕೇಳಿ ಇಟ್ಟುಕೊಳ್ಳಿ.

ದಿನಾಂಕದ ಹೊಂದಾಣಿಕೆಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮೂಲ ಪಾಲಿಸಿ ನವೆಂಬರ್‌ನಿಂದ ಅಕ್ಟೋಬರ್‌ವರೆಗೆ, ಸೂಪರ್ ಟಾಪ್‌ಅಪ್ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂದಿದ್ದರೆ, ಫೆಬ್ರವರಿಯ ಬಿಲ್ಲು ಮತ್ತು ಜೂನ್‌ನ ಬಿಲ್ಲು ಮೂಲದಲ್ಲಿ ಒಂದೇ ವರ್ಷಕ್ಕೆ ಸೇರಿ ಮೊತ್ತ ಮುಗಿಸುತ್ತವೆ. ಸೂಪರ್ ಟಾಪ್‌ಅಪ್‌ನಲ್ಲಿ ಅವು ಎರಡು ಬೇರೆ ವರ್ಷ, ಗಡಿ ಮತ್ತೆ ಸೊನ್ನೆಯಿಂದ. ಎರಡರ ಶುರುವಿನ ದಿನಾಂಕವೂ ಒಂದೇ ಇರುವಂತೆ ಕೊಳ್ಳಿ. ಕಾಫಿ, ಕರಿಮೆಣಸಿನ ಹಣವನ್ನೇ ನಂಬಿರುವವರು ಎರಡನ್ನೂ ಮಾರ್ಚ್ ಹೊತ್ತಿಗೆ ಇಟ್ಟುಕೊಂಡರೆ ಕಟ್ಟಲು ಸುಲಭ. ಜುಲೈ ಮಳೆಯಲ್ಲಿ ಕೈ ಖಾಲಿಯಿರುವಾಗ ಕಂತು ತಪ್ಪುತ್ತದೆ. ವಾರ್ಷಿಕ ಕಂತಿಗೆ 30 ದಿನದ ರಿಯಾಯಿತಿ ಇದೆ. ಆ 30 ದಿನದಲ್ಲಿ ಕಟ್ಟಿದರೆ ಕಾಯುವ ಅವಧಿಯ ಲೆಕ್ಕ ಉಳಿಯುತ್ತದೆ, ಆದರೆ ಕಟ್ಟುವ ಮೊದಲು ಆಸ್ಪತ್ರೆ ಸೇರಿದರೆ ಆ ಬಿಲ್ಲು ಸಿಗುವುದಿಲ್ಲ.

ಪಾಲಿಸಿಯಲ್ಲಿ ಓದಬೇಕಾದ ಸಾಲುಗಳು

ಹಣ ಹೆಚ್ಚು ಸೋರುವುದು ಕೊಠಡಿ ಬಾಡಿಗೆಯ ಮಿತಿಯಲ್ಲಿ. ಮಿತಿ ದಿನಕ್ಕೆ 5,000, ನೀವು 8,000ದ ಕೊಠಡಿಯಲ್ಲಿ ಐದು ದಿನ ಇದ್ದಿರಿ ಎನ್ನೋಣ. ಬಾಡಿಗೆ 40,000, ಸರ್ಜನ್, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000, ಔಷಧ, ಇಂಪ್ಲಾಂಟ್, ಪರೀಕ್ಷೆ 80,000. ಒಟ್ಟು 2,40,000. ಬಾಡಿಗೆಯ ವ್ಯತ್ಯಾಸ 15,000 ಮಾತ್ರ ತಾನೇ ಎಂದುಕೊಳ್ಳುತ್ತೀರಿ. ಕಂಪನಿ ಬಾಡಿಗೆಗೆ 25,000 ಕೊಟ್ಟು, ಸರ್ಜನ್ ಮತ್ತು ಥಿಯೇಟರಿನ ಲೆಕ್ಕವನ್ನೂ ಎಂಟರಲ್ಲಿ ಐದು ಪಾಲಿಗೆ, ಅಂದರೆ 75,000ಕ್ಕೆ ಇಳಿಸುತ್ತದೆ. ದುಬಾರಿ ಕೊಠಡಿಯಲ್ಲಿ ಡಾಕ್ಟರ ಶುಲ್ಕವೂ ಹೆಚ್ಚು ಎಂಬುದು ಅದರ ವಾದ. ಔಷಧ, ಇಂಪ್ಲಾಂಟ್, ಪರೀಕ್ಷೆಗೆ ಈ ಕಡಿತವಿಲ್ಲ. ಬರುವುದು 1,80,000. ಇದರ ಮೇಲೆ ಶೇ 20 ಕೋ-ಪೇ (ನೀವೇ ಭರಿಸಬೇಕಾದ ಪಾಲು) ಇದ್ದರೆ 1,44,000. ಕೈಯಿಂದ 96,000 ಹೋಯಿತು. ಹಿರಿಯ ನಾಗರಿಕರಿಗೆಂದೇ ಮಾರುವ ಅಗ್ಗದ ಪಾಲಿಸಿಗಳಲ್ಲಿ ಇವೆರಡೂ ಒಟ್ಟಿಗೆ ಇರುತ್ತವೆ. ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ಕೊಠಡಿ ಮಿತಿಯಿಲ್ಲದ, ಅಥವಾ ‘ಒಬ್ಬರ ಖಾಸಗಿ ಕೊಠಡಿ’ ಎಂದಷ್ಟೇ ಹೇಳುವ ಪಾಲಿಸಿ ಆರಿಸಿ. ಮಿತಿಯಿರುವ ಪಾಲಿಸಿ ಈಗಾಗಲೇ ಇದ್ದರೆ ದಾಖಲಾಗುವಾಗಲೇ ಮಿತಿಯೊಳಗಿನ ಕೊಠಡಿ ಕೇಳಿ. ಅದು ಖಾಲಿಯಿಲ್ಲವೆಂದು ಮೇಲಿನ ದರ್ಜೆಯ ಕೊಠಡಿ ಕೊಟ್ಟರೆ ಹಾಗೆಂದು ಬರೆಸಿಕೊಳ್ಳಿ.

ವಲಯದ ನಿಯಮ ಕೊಡಗಿನವರಿಗೆ ವಿಶೇಷವಾಗಿ ತಟ್ಟುತ್ತದೆ. ಹಲವು ಕಂಪನಿಗಳು ಊರಿನ ಪ್ರಕಾರ ಪ್ರೀಮಿಯಂ ನಿಗದಿ ಮಾಡುತ್ತವೆ. ಸಣ್ಣ ಊರಿನ ವಿಳಾಸಕ್ಕೆ ಕಡಿಮೆ, ಮಹಾನಗರಕ್ಕೆ ಹೆಚ್ಚು. ವಿರಾಜಪೇಟೆ ವಿಳಾಸದಲ್ಲಿ ಕಡಿಮೆ ಕಟ್ಟಿ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದರೆ ಕೆಲವು ಪಾಲಿಸಿಗಳು ಬಿಲ್ಲಿನ ಒಂದು ಪಾಲನ್ನು ನಿಮ್ಮ ಮೇಲೆ ಹಾಕುತ್ತವೆ. ನಾಲ್ಕನೆಯ ಹೆಸರು ಬರೆದವರು ಈ ಷರತ್ತನ್ನು ಹುಡುಕಿ ಓದಬೇಕು.

ಆಂಬುಲೆನ್ಸ್ ಮಿತಿ ನೋಡಿ. ಎಲ್ಲ ಕಂಪನಿಗಳೂ ಮಾರುವ ‘ಆರೋಗ್ಯ ಸಂಜೀವನಿ’ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ಅದು ಒಂದು ದಾಖಲಾತಿಗೆ 2,000 ರೂಪಾಯಿ. ಆಕ್ಸಿಜನ್ ಇರುವ ಖಾಸಗಿ ಆಂಬುಲೆನ್ಸ್ ಸೋಮವಾರಪೇಟೆಯಿಂದ ಮೈಸೂರು ಮುಟ್ಟುವಷ್ಟರಲ್ಲಿ ಆ ಮೊತ್ತ ಎಲ್ಲಿಗೂ ಸಾಲುವುದಿಲ್ಲ. ಅದೇ ಪಾಲಿಸಿಯಲ್ಲಿ ಕೊಠಡಿಗೆ ವಿಮಾ ಮೊತ್ತದ ಶೇ 2, ಹೆಚ್ಚೆಂದರೆ ದಿನಕ್ಕೆ 5,000, ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40,000, ಎಲ್ಲದರ ಮೇಲೂ ಶೇ 5 ಕೋ-ಪೇ. ಸರಳ ಪಾಲಿಸಿ, ಹೋಲಿಕೆಗೆ ಒಳ್ಳೆಯ ಅಳತೆಗೋಲು.

ಕಾಯುವ ಅವಧಿ ಮೂರು ಬಗೆ. ಅಪಘಾತ ಬಿಟ್ಟು ಎಲ್ಲಕ್ಕೂ ಮೊದಲ 30 ದಿನ. ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥ ಪಟ್ಟಿಮಾಡಿದ ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಎರಡು ವರ್ಷ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ, 2024ರ ಏಪ್ರಿಲ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ನಾಲ್ಕರಿಂದ ಇಳಿಸಿತು. ಹಣ ಕೊಟ್ಟು ಇದನ್ನು ಒಂದೆರಡು ವರ್ಷಕ್ಕೆ ಇಳಿಸುವ ರೈಡರ್ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಕೆಲವೆಡೆ ಸಿಗುತ್ತದೆ. ಅರವತ್ತೈದು ದಾಟಿದವರಿಗೆ ಅದು ಮೊತ್ತ ಏರಿಸುವುದಕ್ಕಿಂತ ಹೆಚ್ಚು ಉಪಯೋಗ. ಗ್ಲೌಸ್, ಮಾಸ್ಕ್‌ನಂಥ ಬಳಸಿ ಬಿಸಾಡುವ ವಸ್ತುಗಳಿಗೆ ರಕ್ಷಣೆ ಕೊಡುವ ರೈಡರ್ ಕೂಡ ಕೊಳ್ಳುವಂಥದ್ದೇ.

ಪ್ರೀಮಿಯಂ ವಿಷಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಗುಂಪು ಪಾಲಿಸಿಗೆ ಆ ವಿನಾಯಿತಿ ಇಲ್ಲ. ಸಂಘದ ಗುಂಪು ಪಾಲಿಸಿಯನ್ನು ಹೋಲಿಸುವಾಗ ತೆರಿಗೆ ಸೇರಿಸಿಯೇ ಹೋಲಿಸಿ. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. ಪ್ರೀಮಿಯಂ ಅನ್ನು ನಗದಾಗಿ ಕೊಡಬೇಡಿ, ಆದಾಯ ತೆರಿಗೆಯ ರಿಯಾಯಿತಿ ಕೈತಪ್ಪುತ್ತದೆ. ಆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ.

ಅರ್ಜಿ ತುಂಬುವಾಗ

ಕ್ಲೇಮು ಸೋಲುವುದು ಆಸ್ಪತ್ರೆಯಲ್ಲಿ ಎನ್ನುವಂತೆ ಕಂಡರೂ, ಸೋಲಿನ ಬೀಜ ಅರ್ಜಿಯಲ್ಲೇ ಇರುತ್ತದೆ. ಏಜೆಂಟ್ ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಕೇಳಿದರೆ ಸಹಿ ಮಾಡಬೇಡಿ. ಬಿಪಿ ಮಾತ್ರೆ, ಥೈರಾಯ್ಡ್, ಹತ್ತು ವರ್ಷದ ಹಿಂದಿನ ಗರ್ಭಕೋಶದ ಆಪರೇಷನ್, ಎಲ್ಲವನ್ನೂ ವರ್ಷದ ಸಮೇತ ಬರೆಯಿರಿ. ಮಾತ್ರೆ ಬಿಟ್ಟಿದ್ದೇನೆ ಎಂದರೆ ಕಾಯಿಲೆ ಇರಲಿಲ್ಲ ಎಂದಾಗುವುದಿಲ್ಲ. ಬರೆದ ಕಾಯಿಲೆಗೆ ಮೂರು ವರ್ಷದೊಳಗೆ ರಕ್ಷಣೆ ಬರುತ್ತದೆ, ಮುಚ್ಚಿಟ್ಟ ಕಾಯಿಲೆ ಪಾಲಿಸಿಯನ್ನೇ ರದ್ದು ಮಾಡಿಸಬಹುದು. ಬಿಡದೆ 60 ತಿಂಗಳು ನವೀಕರಿಸಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ನೆಪದಲ್ಲಿ ಕ್ಲೇಮು ತಿರಸ್ಕರಿಸುವಂತಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ. ಆಧಾರ್‌ನಲ್ಲಿ ಪೂರ್ತಿ ಮನೆಹೆಸರು, ಪಿಂಚಣಿ ಪುಸ್ತಕದಲ್ಲಿ ಬರಿಯ ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು ಕ್ರಮ ಇರುವುದು ಸಾಮಾನ್ಯ. ಕ್ಲೇಮು ಹಣ ಖಾತೆಗೆ ಬರುವಾಗ ಇದು ವಾರಗಟ್ಟಲೆ ಅಡ್ಡಿಯಾಗುತ್ತದೆ. ಪಾಲಿಸಿಯಲ್ಲಿ ಆಧಾರ್‌ನಲ್ಲಿರುವಂತೆಯೇ ಬರೆಸಿ, ಬ್ಯಾಂಕ್ ಖಾತೆಯನ್ನೂ ಅದಕ್ಕೆ ಹೊಂದಿಸಿ.

ಪಾಲಿಸಿಯ ಜೊತೆ ‘ಗ್ರಾಹಕ ಮಾಹಿತಿ ಪತ್ರ’ ಕೊಡುವುದು ಕಡ್ಡಾಯ. ಕೇಳಿದರೆ ಅದನ್ನು ಕನ್ನಡದಲ್ಲಿ ಕೊಡಬೇಕು, ಕೇಳಿ ಪಡೆಯಿರಿ. ಮಿತಿ, ಕೋ-ಪೇ, ಕಾಯುವ ಅವಧಿ ಮೂರೂ ಅದರಲ್ಲಿರುತ್ತವೆ. ಹೇಳಿದ್ದಕ್ಕೂ ಬರೆದಿದ್ದಕ್ಕೂ ತಾಳೆಯಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂತಿರುಗಿಸಬಹುದು. ಇರುವ ಪಾಲಿಸಿಯನ್ನು ಬೇರೆ ಕಂಪನಿಗೆ ಒಯ್ಯುವುದಾದರೆ ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಿ. ಹೊಸ ಕಂಪನಿ ಲಿಖಿತವಾಗಿ ಒಪ್ಪುವವರೆಗೆ ಹಳೆಯದನ್ನು ಕೈಬಿಡಬೇಡಿ.

ಸಹಿ ಹಾಕುವ ಮುನ್ನ ಹಾಳೆಯಲ್ಲಿರುವ ಪ್ರತಿ ಆಸ್ಪತ್ರೆಯ ವಿಮಾ ಡೆಸ್ಕ್‌ಗೆ ಫೋನ್ ಮಾಡಿ. ಕಂಪನಿಯ ಹೆಸರಷ್ಟೇ ಹೇಳಿದರೆ ಸಾಲದು, ಪಾಲಿಸಿಯ ಹೆಸರನ್ನೂ ಹೇಳಿ, ಈಗ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು) ನಡೆಯುತ್ತಿದೆಯೇ ಎಂದು ಕೇಳಿ. ವೆಬ್‌ಸೈಟ್ ಪಟ್ಟಿಯಲ್ಲಿ ಹೆಸರಿದ್ದೂ ಒಪ್ಪಂದ ನಿಂತಿರುವುದುಂಟು. ಹತ್ತಿರದ ಸಣ್ಣ ನರ್ಸಿಂಗ್ ಹೋಂ ಪಟ್ಟಿಯಲ್ಲಿಲ್ಲದಿದ್ದರೆ 2024ರ ಜನವರಿಯಿಂದ ಇರುವ ‘ಎಲ್ಲೆಡೆ ಕ್ಯಾಶ್‌ಲೆಸ್’ ಸೌಲಭ್ಯ ಕೇಳಬಹುದು. ಯೋಜಿತ ಚಿಕಿತ್ಸೆಗೆ 48 ಗಂಟೆ ಮೊದಲು, ತುರ್ತಿಗೆ ಸೇರಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು.

ಆಸ್ಪತ್ರೆ ಸೇರಿದ ದಿನ

ಕೇಸ್ ಶೀಟ್ ಬರೆಯುವ ಕಿರಿಯ ವೈದ್ಯರು ‘ಶುಗರ್ ಎಷ್ಟು ವರ್ಷದಿಂದ?’ ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ನೆಂಟರೊಬ್ಬರು ‘ಒಂದ್ ಹತ್ತು ವರ್ಷ ಆಗಿರಬಹುದು’ ಎನ್ನುತ್ತಾರೆ. ನಿಜಕ್ಕೂ ಆಗಿರುವುದು ಮೂರು ವರ್ಷ, ಪಾಲಿಸಿಗೆ ನಾಲ್ಕು. ಆ ಒಂದು ಸಾಲು ಡಿಸ್ಚಾರ್ಜ್ ಸಾರಾಂಶಕ್ಕೆ ಹೋಗಿ, ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮಿಗೆ ತಕರಾರು ಏಳುತ್ತದೆ. ಆದ್ದರಿಂದ ಯಾವ ಕಾಯಿಲೆ ಯಾವ ವರ್ಷ ಗೊತ್ತಾಯಿತು, ಯಾವ ಮಾತ್ರೆ ಎಂದು ಒಂದು ಪುಟದಲ್ಲಿ ಬರೆದು ಪಾಲಿಸಿ ಕಾರ್ಡಿನ ಜೊತೆಗಿಡಿ. ಅದನ್ನು ನೋಡಿ ಒಬ್ಬರೇ ಉತ್ತರ ಕೊಡಲಿ. ತಪ್ಪಾಗಿ ಬರೆದಿದ್ದರೆ ಮನೆಗೆ ಹೊರಡುವ ಮೊದಲೇ ವೈದ್ಯರಿಂದ ತಿದ್ದಿಸಿ ಸಹಿ ಹಾಕಿಸಿ.

ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರಿಸಬೇಕು. ಮೂರು ಗಂಟೆ ಮೀರಿ ಆಸ್ಪತ್ರೆ ಹೆಚ್ಚುವರಿ ಹಾಕಿದರೆ ಅದು ಕಂಪನಿಯ ಹೊಣೆ. ಎರಡು ಪಾಲಿಸಿಯಿಂದ ಕ್ಲೇಮು ಮಾಡುವಾಗ ಮೊದಲ ಕಂಪನಿಯಿಂದ ಎಷ್ಟು ಪಾವತಿಯಾಯಿತು ಎಂಬ ಪತ್ರವನ್ನೂ ಆಸ್ಪತ್ರೆಯ ಮುದ್ರೆ ಇರುವ ಬಿಲ್ಲಿನ ಪ್ರತಿಗಳನ್ನೂ ಪಡೆಯಿರಿ, ಅವಿಲ್ಲದೆ ಎರಡನೆಯ ಕಡತ ಮುಂದೆ ಸಾಗುವುದಿಲ್ಲ. ಸೇರುವ ಮುಂಚಿನ 30 ದಿನ, ಬಂದ ನಂತರದ 60 ದಿನದ ಔಷಧ, ಪರೀಕ್ಷೆಯ ವೆಚ್ಚವೂ ಹಲವು ಪಾಲಿಸಿಗಳಲ್ಲಿ ಸಿಗುತ್ತದೆ. ಕುಶಾಲನಗರದ ಮೆಡಿಕಲ್ ಶಾಪಿನ ಚಿಕ್ಕ ರಸೀದಿಯನ್ನೂ ವೈದ್ಯರ ಚೀಟಿಗೆ ಪಿನ್ ಮಾಡಿಡಿ.

ತಿರಸ್ಕರಿಸಿದರೆ ಕಾರಣವನ್ನು, ಪಾಲಿಸಿಯ ಷರತ್ತಿನ ಸಂಖ್ಯೆ ಸಮೇತ, ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದೂರು ದಾಖಲಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ (ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಹೋಗಬಹುದು. 50 ಲಕ್ಷದವರೆಗಿನ ದೂರು ಅಲ್ಲಿ ನಡೆಯುತ್ತದೆ, ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಒಂಬುಡ್ಸ್‌ಮನ್ ತೀರ್ಪನ್ನು ಕಂಪನಿ 30 ದಿನದೊಳಗೆ ಪಾಲಿಸಬೇಕು.